ತೆರೆಗೆ ತೆರೆ ಅನ್ನುವುದೇಕೆ

"ಗಂಟೆ ಬಾರಿಸಿತು, ತೆರೆ ತೆರೆಯಿತು" ಎಂದು ಬರೆದರೆ ಕನ್ನಡ ಓದುವವರು ಯಾರೂ ತಡವರಿಸುವುದಿಲ್ಲ. ಮೊದಲನೆಯದು ಬಟ್ಟೆ, ಎರಡನೆಯದು ಕ್ರಿಯೆ. ಎರಡೂ ಹೀಗೆ ಅಕ್ಕಪಕ್ಕ ಬಂದು ನಿಂತಾಗ ಒಂದು ವಿವರಣೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ: ತೆರೆಯುತ್ತದಲ್ಲ, ಅದಕ್ಕೇ ಅದು ತೆರೆ. ಕೇಳುವುದಕ್ಕೆ ಚೆನ್ನಾಗಿದೆ, ನೆನಪಿಡುವುದಕ್ಕೂ ಸುಲಭ. ಆದರೆ ತಪ್ಪು. ಪದಗಳ ಮೂಲ ಹುಡುಕುವಾಗ ಕಾಲು ಜಾರುವುದು ಹೆಚ್ಚಾಗಿ ಇಂಥ ಚೆಂದದ ವಿವರಣೆಗಳ ಮೇಲೆಯೇ.

ತಪ್ಪು ಎಂದು ತೋರಿಸಿಕೊಡುವುದು ಕನ್ನಡ ಕಳೆದುಕೊಂಡ ಒಂದು ಅಕ್ಷರ. ಹಳಗನ್ನಡದಲ್ಲಿ ಎರಡು ರಕಾರಗಳಿದ್ದವು. ಒಂದು ಈಗಲೂ ಇರುವ ರ, ಇನ್ನೊಂದು ಶಕಟರೇಫ ಎಂದು ಕರೆಯುವ ಱ. ಪಂಪನ ಕಾಲಕ್ಕೆ, ಅಂದರೆ 10ನೆಯ ಶತಮಾನದಲ್ಲಿ, ಇವೆರಡೂ ಬೇರೆ ಬೇರೆ ಸದ್ದುಗಳು. ಮುಂದಿನ ಶತಮಾನಗಳಲ್ಲಿ ವ್ಯತ್ಯಾಸ ಮಾತಿನಿಂದ ಸವೆದು, ಕೊನೆಗೆ ಬರಹದಿಂದಲೂ ಹೋಯಿತು. ಹೋಗುವಾಗ ಅದು ಸುಮ್ಮನೆ ಹೋಗಲಿಲ್ಲ, ಬೇರೆ ಬೇರೆ ಪದಗಳ ಗುರುತಿನ ಚೀಟಿಯನ್ನೂ ಕಿತ್ತುಕೊಂಡು ಹೋಯಿತು. ಬಾಗಿಲು ತೆರೆಯುವುದು ಹಳಗನ್ನಡದಲ್ಲಿ ತೆಱೆ. ಶಾಸನಗಳಲ್ಲಿ ಕಪ್ಪ, ಕಂದಾಯ ಎಂಬ ಅರ್ಥದಲ್ಲಿ ಬರುವುದೂ ತೆಱೆ. ಅದು ತೆಱು, ಅಂದರೆ ಕೊಡು, ಸಲ್ಲಿಸು ಎಂಬುದರ ಮಗಳು. "ಪ್ರಾಣ ತೆತ್ತರು" ಎನ್ನುವಾಗ ಇಂದಿಗೂ ಆ ಕ್ರಿಯಾಪದ ಬದುಕಿದೆ. ತೂಗುವ ಬಟ್ಟೆ ಮಾತ್ರ ಮೊದಲಿನಿಂದಲೂ ಸಾದಾ ರಕಾರದ ತೆರೆ.

ಅಕ್ಷರವೊಂದರ ಸಾಕ್ಷಿ ಸಾಲದು ಅನ್ನುವವರು ಪಕ್ಕದ ಮನೆಗಳಲ್ಲಿ ವಿಚಾರಿಸಬಹುದು. ತಮಿಳು ಎರಡು ರಕಾರಗಳನ್ನು ಇನ್ನೂ ಬರಹದಲ್ಲಿ ಉಳಿಸಿಕೊಂಡಿದೆ. ಅಲ್ಲಿ ಬಟ್ಟೆ ತಿರೈ, ತೆರೆಯುವುದು ತಿಱ, ಕಪ್ಪಕಾಣಿಕೆ ತಿಱೈ. ಕನ್ನಡದಲ್ಲಿ ಒಂದೇ ಮುಖ ಹೊತ್ತು ಓಡಾಡುವ ಮೂವರು ಅಲ್ಲಿ ಮೂರು ಮನೆಯವರು. ತೆಲುಗಿನಲ್ಲೂ ಬಟ್ಟೆ ತೆರ, ತೆರೆಯುವುದು ಹಳೆಯ ಬರಹದಲ್ಲಿ ತೆಱಚು. ಮಲಯಾಳದಲ್ಲಿ ಬಟ್ಟೆಗೆ ತಿರಶ್ಶೀಲ, ತೆರೆಯುವುದಕ್ಕೆ ತುಱಕ್ಕುಕ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಸ್ವರ ನೋಡಿ ತೀರ್ಮಾನಿಸಲು ಹೋದರೆ ದಾರಿ ತಪ್ಪುತ್ತದೆ. ತಮಿಳಿನಲ್ಲಿ ಮೊದಲ ಅಕ್ಷರದಲ್ಲಿ ಇ ಅಥವಾ ಉ ಇದ್ದು ಎರಡನೆಯದರಲ್ಲಿ ಅ ಅಥವಾ ಐ ಇದ್ದರೆ, ಕನ್ನಡದಲ್ಲಿ ಆ ಇ, ಉಗಳು ಎ, ಒ ಆಗಿರುತ್ತವೆ. ಇಲೈ ನಮ್ಮಲ್ಲಿ ಎಲೆ, ವಿರಲ್ ನಮ್ಮಲ್ಲಿ ಬೆರಳು, ಕುಡೈ ಕೊಡೆ, ಉಡಲ್ ಒಡಲು. ಅದೇ ಲೆಕ್ಕದಲ್ಲಿ ತಿರೈ ತೆರೆಯಾಯಿತು, ತಿಱ ತೆಱೆಯಾಯಿತು. ಸ್ವರಗಳು ಇಬ್ಬರನ್ನೂ ಒಂದೇ ಕಡೆಗೆ ತಳ್ಳಿದವು. ಬೇರೆ ಎಂದು ಹೇಳಬಲ್ಲದ್ದು ನಡುವಿನ ರಕಾರವೊಂದೇ, ಅದನ್ನೂ ನಾವು ಕೈಬಿಟ್ಟೆವು. ತೆರಪು, ತೆರವು ಮೊದಲಾದವು ತೆಱೆಯ ಬಳಗ. ಅವುಗಳಿಗೂ ಕಿಟಕಿಯಲ್ಲಿ ತೂಗುವ ಬಟ್ಟೆಗೂ ನಂಟಿಲ್ಲ.

ಮನೆಯಲ್ಲೇ ಕೂತು ಪರೀಕ್ಷಿಸುವುದೂ ಕಷ್ಟವಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಹಳೆಯ ಱಕಾರವನ್ನು ತೋರಿಸಿಯೇ ಪದ ಕೊಡುತ್ತದೆ; ಮೊದಲು ಅಲ್ಲಿ ಪದ ಯಾವ ರಕಾರದಲ್ಲಿದೆ ನೋಡಬೇಕು. ಆಮೇಲೆ ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಸೋದರ ಭಾಷೆಗಳ ರೂಪಗಳನ್ನು ಹೋಲಿಸಬೇಕು. ಅದು ಮೊದಲು ಬಂದದ್ದು 1961ರಲ್ಲಿ, ತಿದ್ದಿದ ಆವೃತ್ತಿ 1984ರದು. ಕೊನೆಗೆ ಹಳೆಯ ಪ್ರಯೋಗ ಒಂದೆರಡು ಸಿಕ್ಕರೆ ಕೆಲಸ ಮುಗಿಯಿತು. ಈ ಮೂರರಲ್ಲಿ ಜನ ಹೆಚ್ಚಾಗಿ ಬಿಟ್ಟುಬಿಡುವುದು ಕೊನೆಯದನ್ನು. ತೆರೆಯ ವಿಷಯದಲ್ಲಿ ನಿಜವಾದ ರುಚಿ ಇರುವುದು ಅಲ್ಲಿಯೇ.

12ನೆಯ ಶತಮಾನದ ಎರಡು ವಚನಗಳನ್ನು ತೆಗೆದುಕೊಳ್ಳಿ. ಅಕ್ಕಮಹಾದೇವಿ ಸಮುದ್ರದ ತಡಿಯಲ್ಲಿ ಮನೆ ಮಾಡಿ "ನೊರೆತೆರೆಗಳಿಗಂಜಿದಡೆಂತಯ್ಯಾ" ಎಂದು ಕೇಳುತ್ತಾಳೆ. ಅಲ್ಲಿ ತೆರೆ ಅಂದರೆ ಅಲೆ. ಬಸವಣ್ಣ "ನೆರೆ ಕೆನ್ನೆಗೆ, ತೆರೆ ಗಲ್ಲಕ್ಕೆ" ಎನ್ನುತ್ತಾನೆ. ನೆರೆ ಎಂದರೆ ನರೆತ ಕೂದಲು. ತೆರೆ ಎಂದರೆ ಮುಪ್ಪಿನಲ್ಲಿ ಗಲ್ಲದ ಮೇಲೆ ಬೀಳುವ ಸುಕ್ಕು. ಅಲೆ ಒಂದು ಕಡೆ, ಸುಕ್ಕು ಇನ್ನೊಂದು ಕಡೆ, ನಡುವೆ ಬಟ್ಟೆ. ಮೂರಕ್ಕೂ ಒಂದೇ ಪದ, ಒಂದೇ ರಕಾರ. ತಮಿಳಿನ ತಿರೈಗೂ ಇದೇ ಮೂರು ಅರ್ಥ. ಅಲ್ಲಿ ಅದು ಕ್ರಿಯಾಪದವಾಗಿಯೂ ಇದೆ: ಚರ್ಮ ಸುಕ್ಕುಗಟ್ಟುವುದು, ಅಲೆ ಉರುಳುವುದು, ಹಾಲು ಒಡೆದು ಗಟ್ಟಿಯಾಗುವುದು, ಚೀಲದ ಬಾಯಿಯನ್ನು ಒಟ್ಟಿಗೆ ಸೆಳೆದು ನೆರಿಗೆಗಟ್ಟುವುದು.

ಈ ಚೀಲದ ಬಾಯಿಯ ಹತ್ತಿರ ಒಂದು ನಿಮಿಷ ನಿಲ್ಲಬೇಕು. ಬಟ್ಟೆಯ ಮೇಲಂಚನ್ನು ಮಡಿಚಿ ಹೊಲಿದು, ಆ ಕೊಳವೆಯೊಳಗೆ ದಾರ ಪೋಣಿಸಿ ಸೆಳೆದರೆ ಬಟ್ಟೆ ನೆರಿಗೆ ನೆರಿಗೆಯಾಗಿ ಒಂದೆಡೆ ಸೇರುತ್ತದೆ. ಲಂಗದ ಲಾಡಿ, ಚೀಲದ ಬಾಯಿ, ಬಾಗಿಲಿಗೆ ಅಡ್ಡ ಕಟ್ಟಿದ ಬಟ್ಟೆ, ಮೂರರ ತಂತ್ರವೂ ಇದೇ. ಪಕ್ಕಕ್ಕೆ ಸರಿಸಿದ ಬಟ್ಟೆ ಕಣ್ಣಿಗೆ ಕಾಣುವುದೂ ಸಾಲು ಸಾಲು ಏರಿಳಿತವಾಗಿಯೇ. ಅಂದಮೇಲೆ ತೆರೆ ಎನ್ನುವ ಹೆಸರು ಆ ಬಟ್ಟೆ ಏನು ಮಾಡುತ್ತದೆ ಎಂಬುದನ್ನು ಹೇಳುತ್ತಿಲ್ಲ, ಹೇಗೆ ಕಾಣುತ್ತದೆ ಎಂಬುದನ್ನು ಹೇಳುತ್ತಿದೆ. ಮರೆ ಮಾಡುವುದು, ತೆರೆದುಕೊಳ್ಳುವುದು ಅದರ ಕೆಲಸವಿರಬಹುದು. ಹೆಸರು ಬಂದದ್ದು ಅದರ ಮೈಯಿಂದ.

ದರ್ಜಿ ಇದನ್ನು ಇಂಚುಗಳಲ್ಲಿ ಹೇಳುತ್ತಾನೆ. ಕಿಟಕಿಯ ಮೇಲಿನ ಕಂಬಿ 72 ಇಂಚು ಉದ್ದವಿದ್ದರೆ 72 ಇಂಚು ಬಟ್ಟೆ ಸಾಲದು. ಅಷ್ಟೇ ಹಾಕಿದರೆ ಮುಚ್ಚಿದಾಗ ಅದು ಒಣಗಲು ಹಾಕಿದ ದುಪ್ಪಟಿಯ ಹಾಗೆ ಚಪ್ಪಟೆಯಾಗಿ ನಿಲ್ಲುತ್ತದೆ, ನಡುವೆ ಸಂದಿಯೂ ಬಿಡುತ್ತದೆ. ಕಂಬಿಯ ಎರಡರಷ್ಟು, ಅಂದರೆ 144 ಇಂಚು ಬೇಕು. ಬಟ್ಟೆಯ ಅಗಲ 48 ಇಂಚಾದರೆ ಮೂರು ತುಂಡು. ಒಂದನ್ನು ಉದ್ದಕ್ಕೆ ಸೀಳಿ ಆಚೆಗೊಂದು ಈಚೆಗೊಂದು ಜೋಡಿಸಿದರೆ ತಲಾ 72 ಇಂಚಿನ ಎರಡು ಭಾಗ. ಪಕ್ಕದ ಮಡಿಕೆಗಳಿಗೂ ಜೋಡುಹೊಲಿಗೆಗೂ ಭಾಗಕ್ಕೆ 7 ಇಂಚಿನಷ್ಟು ಹೋಗಿ 65 ಉಳಿಯುತ್ತದೆ. ಕಂಬಿಯ ಮೇಲೆ ಅದು ಸುಮಾರು 1.8 ಪಟ್ಟು, ನೆರಿಗೆ ಚೆನ್ನಾಗಿ ಬೀಳಲು ಸಾಕು. ಒಂದೂವರೆ ಪಟ್ಟಿಗಿಂತ ಇಳಿದರೆ ತೆರೆಯಲ್ಲಿ ತೆರೆಯೇ ಇರುವುದಿಲ್ಲ.

ಉದ್ದದ ಲೆಕ್ಕದಲ್ಲಿ ಎಡವುವುದು ಬೇರೆ ಕಡೆ. ಕಂಬಿಯಿಂದ ನೆಲಕ್ಕೆ 84 ಇಂಚು ಇದೆ ಎನ್ನಿ. ಕೆಳಗೆ 4 ಇಂಚಿನ ಮಡಿಕೆಯನ್ನು ಎರಡು ಸುತ್ತು ಮಡಿಚಲು 8, ಮೇಲಕ್ಕೆ 4, ಒಟ್ಟು 96 ಇಂಚು ಕತ್ತರಿಸಬೇಕು. ಕೆಳಗಿನ ಆ ಎರಡು ಸುತ್ತು ಅಂದಕ್ಕಲ್ಲ, ತೂಕಕ್ಕೆ. ಬುಡ ಹಗುರವಾದರೆ ನೆರಿಗೆಗಳು ಮೇಲೆ ಚೆನ್ನಾಗಿ ಶುರುವಾಗಿ ಕೆಳಗೆ ಬರುವಷ್ಟರಲ್ಲಿ ಚದುರಿಹೋಗುತ್ತವೆ. ಹತ್ತಿ ಬಟ್ಟೆಯನ್ನು ನೆನೆಸದೆ ಕತ್ತರಿಸಿದರೆ ಮೊದಲ ಒಗೆತಕ್ಕೆ ನೂರಕ್ಕೆ ಐದರಷ್ಟು ಕುಗ್ಗಬಹುದು. 84 ಇಂಚಿನಲ್ಲಿ ಅದು 4 ಇಂಚಿಗೂ ಹೆಚ್ಚು, ನೆಲದಿಂದ ಅಷ್ಟು ಎತ್ತರಕ್ಕೆ ಅಂಚು ಬಂದು ನಿಲ್ಲುತ್ತದೆ. ಇನ್ನು ಕತ್ತರಿಯನ್ನು ಕಣ್ಣಂದಾಜಿನಲ್ಲಿ ಓಡಿಸಿದರೆ ನೂಲಿನ ಸಾಲು ತಪ್ಪಿ, ತೂಗುಹಾಕಿದ ಮೇಲೆ ನೆರಿಗೆಗಳು ಓರೆಯಾಗಿ ತಿರುಚಿಕೊಳ್ಳುತ್ತವೆ. ಅಡ್ಡನೂಲೊಂದನ್ನು ಎಳೆದು ತೆಗೆದು, ಅದು ಬಿಟ್ಟ ಗೆರೆಯ ಮೇಲೆ ಕತ್ತರಿಸುವುದು ಹಳೆಯ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ.

ಬಳೆ ಹಾಕುವ ಪರದೆಗಳಲ್ಲಿ ಒಂದು ಸಣ್ಣ ಸಂಗತಿ ಇದೆ. 65 ಇಂಚಿನ ಭಾಗಕ್ಕೆ 5.5 ಇಂಚಿಗೊಂದರಂತೆ 12 ಬಳೆ ಸರಿಯಾಗುತ್ತದೆ. 11 ಅಥವಾ 13 ಹಾಕಬಾರದು. ಕಂಬಿ ಒಂದು ಬಳೆಯಲ್ಲಿ ಒಳಹೊಕ್ಕು ಮುಂದಿನದರಲ್ಲಿ ಹೊರಬರುತ್ತದೆ, ಎರಡು ಬಳೆಗೆ ಒಂದು ಅಲೆ. ಸಂಖ್ಯೆ ಸಮವಾಗಿದ್ದರೆ ಎರಡೂ ಅಂಚು ಗೋಡೆಯ ಕಡೆಗೆ ಮೊಗ ಮಾಡಿ ಅಡಗುತ್ತವೆ. ಬೆಸವಾದರೆ ಒಂದು ಅಂಚು ಗೋಡೆಗೆ, ಇನ್ನೊಂದು ಕೋಣೆಯೊಳಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಹೊಲಿದಾದ ಮೇಲೆ ಇದಕ್ಕೆ ಮದ್ದಿಲ್ಲ.

ಮೇಲೆ ಪರದೆ ಎಂಬ ಪದ ನುಸುಳಿದ್ದನ್ನು ಗಮನಿಸಿರಬಹುದು. ಮನೆಯ ಕಿಟಕಿಯ ವಿಷಯ ಬಂದ ಕೂಡಲೇ ಕನ್ನಡದ ನಾಲಿಗೆ ತೆರೆಯನ್ನು ಬಿಟ್ಟು ಪರದೆಗೆ ಹೊರಳುತ್ತದೆ. ಇದು ಪಾರಸಿಯ ಪರ್ದಾ. ಮರೆ, ಮುಸುಕು, ಪದರ, ಪೊರೆ ಎಲ್ಲ ಅರ್ಥವೂ ಅಲ್ಲಿದೆ. ಕಿವಿಯೊಳಗಿನ ತಮಟೆಗೂ ಅದೇ ಪದ, ಸಿತಾರಿನ ಮೆಟ್ಟಿಲುಗಳಿಗೂ ಅದೇ. ಕನ್ನಡಕ್ಕೆ ಬರುವಾಗ ಅದು ಎರಡು ಕಡೆ ಬಾಗಿತು. ನಡುವಿನ ಒತ್ತಕ್ಷರ ಬಿಡಿಸಿಕೊಂಡು ಪರ್ದಾ ಪರದಾ ಆಯಿತು, ಸರ್ಕಾರ್ ಸರಕಾರವಾದ ಹಾಗೆ, ದರ್ಬಾರ್ ದರಬಾರಾದ ಹಾಗೆ. ಕೊನೆಯ ಆಕಾರ ಎಕಾರಕ್ಕೆ ತಿರುಗಿತು, ಖಜಾನಾ ಖಜಾನೆಯಾದ ಹಾಗೆ. ಕಾರ್ಖಾನೆ, ನಮೂನೆ, ಜಿಲ್ಲೆ, ಸಜೆ ಎಲ್ಲವೂ ಇದೇ ಸಾಲಿನವು. ಎಕಾರಕ್ಕೆ ಬಂದು ನಿಂತ ಮೇಲೆ ಪದಕ್ಕೆ ಕನ್ನಡದ ವಿಭಕ್ತಿ ಹಚ್ಚಲು ತೊಡಕೇ ಇಲ್ಲ: ತೆರೆಗೆ, ಪರದೆಗೆ, ತೆರೆಯ, ಪರದೆಯ. ಹೊರಗಿನದೆಂಬ ಸುಳಿವೇ ಸಿಗದ ಹಾಗೆ ಅದು ಒಳಗೆ ಕೂತಿತು.

ಪರದೆ ತೆರೆಗಿಂತ ಬೇರೆ ಮನೋಧರ್ಮದ ಪದ. ಅದಕ್ಕೆ ಬಟ್ಟೆಯ ಏರಿಳಿತ ಮುಖ್ಯವಲ್ಲ, ಮರೆ ಮುಖ್ಯ. ಸೊಳ್ಳೆ ಪರದೆಗೆ ಸೊಳ್ಳೆ ತೆರೆ ಎಂದು ಯಾರೂ ಅನ್ನುವುದಿಲ್ಲ. ಹೆಂಗಸರನ್ನು ಗಂಡಸರ ಕಣ್ಣಿನಿಂದ ಮರೆಯಲ್ಲಿಡುವ ಪದ್ಧತಿಗೂ ಉತ್ತರದಲ್ಲಿ ಪರ್ದಾ ಎಂದೇ ಹೆಸರು. ಕನ್ನಡ ಆ ಪದ್ಧತಿಗೆ ಹೆಚ್ಚಾಗಿ ಬಳಸಿದ್ದು ಇನ್ನೊಂದು ಪಾರಸಿ ಪದವನ್ನು, ಗೋಷಾ. ಅದರ ಮೂಲಾರ್ಥ ಮೂಲೆ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಅದು ಉಳಿದುಕೊಂಡಿದೆ.

ಮರೆಯ ಕಡೆಯಿಂದ ಹೆಸರಿಟ್ಟವರಲ್ಲಿ ಸಂಸ್ಕೃತದವರೂ ಇದ್ದಾರೆ. ಅಮರಕೋಶ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂದು ಮೂರು ಹೆಸರು ಹೇಳುತ್ತದೆ. ತಿರಸ್ಕರಿಣಿ ಎಂದರೆ ಕಾಣದಂತೆ ಮಾಡುವುದು. ಕಾಳಿದಾಸನ ಕುಮಾರಸಂಭವದ ಮೊದಲ ಸರ್ಗದಲ್ಲಿ ಹಿಮಾಲಯದ ಗುಹೆಗಳ ಬಾಗಿಲಿಗೆ ಇಳಿಬಿದ್ದ ಮೋಡಗಳೇ ತಿರಸ್ಕರಿಣಿಗಳಾಗುತ್ತವೆ. ನಾವು ದಿನವೂ ಬಳಸುವ ತಿರಸ್ಕಾರ ಇದೇ ಬೇರಿನದು. ಅರ್ಜಿ ತಿರಸ್ಕರಿಸುವುದು ಎಂದರೆ ಮೂಲದಲ್ಲಿ ಅದನ್ನು ಕಣ್ಣಿನಿಂದ ಆಚೆಗೆ ಸರಿಸುವುದು. ಅರ್ಜಿ ಕೊಟ್ಟವರಿಗೆ ಈ ವ್ಯುತ್ಪತ್ತಿ ಸಮಾಧಾನ ತರಲಾರದು, ಆದರೆ ಸಾಕಷ್ಟು ನಿಖರವಾಗಿದೆ.

ಜವನಿಕೆಯ ಕತೆ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಒಂದು ಅಕ್ಷರದ ಮೇಲೆ ಇಡೀ ರಂಗಭೂಮಿಯ ಇತಿಹಾಸವನ್ನು ನಿಲ್ಲಿಸುವ ಪ್ರಯತ್ನ ನಡೆಯಿತು. ಯವನಿಕಾ ಎಂಬ ರೂಪವೂ ಇದೆಯಲ್ಲ. ಯವನ ಎಂದರೆ ಗ್ರೀಕ. ಆದ್ದರಿಂದ ಭಾರತದ ನಾಟಕಕ್ಕೆ ಗ್ರೀಕ್ ನಾಟಕವೇ ಮೂಲ ಎಂಬ ವಾದಕ್ಕೆ ಇದೂ ಒಂದು ಆಧಾರವಾಯಿತು. 19ನೆಯ ಶತಮಾನದಲ್ಲಿ ಜರ್ಮನಿಯ ವೆಬರ್, ವಿಂಡಿಶ್ ಈ ವಾದದ ಕಡೆಯವರು. ಎಡವಟ್ಟು ಏನೆಂದರೆ ಗ್ರೀಕ್ ನಾಟಕ ನಡೆಯುತ್ತಿದ್ದ ಬಯಲು ರಂಗಕ್ಕೆ ಮುಂದೆ ಇಳಿಬಿಡುವ ತೆರೆಯೇ ಇರಲಿಲ್ಲ. ಇಲ್ಲದ ವಸ್ತುವನ್ನು ಅವರಿಂದ ತರುವುದು ಹೇಗೆ? ಫ್ರಾನ್ಸಿನ ಸಿಲ್ವಾಂ ಲೆವಿ 1890ರಲ್ಲಿ ಈ ವಾದವನ್ನು ಒಪ್ಪದೆ, ಯವನರ ಹಡಗುಗಳಲ್ಲಿ ಬಂದ ಬಟ್ಟೆಗೆ ಆ ಹೆಸರು ಬಂದಿರಬಹುದು ಎಂದ. ಆಮದು ಬಟ್ಟೆಗೆ ಬಂದ ಊರಿನ ಹೆಸರಿಡುವುದು ಎಲ್ಲ ಕಾಲದ ಅಂಗಡಿ ಬುದ್ಧಿಯೇ.

ಇನ್ನೊಂದು ಸಾಧ್ಯತೆ ಕನ್ನಡ ಕಿವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ರಾಕೃತದಲ್ಲಿ ಪದದ ಮೊದಲ ಯ ಜ ಆಗುತ್ತದೆ. ನಮ್ಮ ತದ್ಭವಗಳಲ್ಲೂ ಹಾಗೆಯೇ: ಯಾತ್ರೆ ಜಾತ್ರೆ, ಯೋಗಿ ಜೋಗಿ, ಯಮ ಜವ, ಯೌವನ ಜವ್ವನ. ಪ್ರಾಕೃತದಲ್ಲಿ ಬರೆದ ರಾಜಶೇಖರನ ಕರ್ಪೂರಮಂಜರಿಯಲ್ಲಿ ಅಂಕಗಳಿಗೇ ಜವನಿಕಾಂತರ ಎಂದು ಹೆಸರು. ಜ ಕಂಡಲ್ಲೆಲ್ಲ ಮೂಲದಲ್ಲಿ ಯ ಇರಬೇಕು ಎಂದುಕೊಂಡ ಪಂಡಿತನೊಬ್ಬ ಜವನಿಕೆಯನ್ನು ತಿದ್ದಿ ಯವನಿಕೆ ಮಾಡಿದ್ದರೆ? ಹಾಗಾದರೆ ಗ್ರೀಕರು ಈ ಪದದೊಳಕ್ಕೆ ಬಂದದ್ದು ಕಾಗುಣಿತದ ಹಿಂಬಾಗಿಲಿನಿಂದ. ಜವನ ಎಂದರೆ ವೇಗದ್ದು. ಸರ್ರನೆ ಸರಿಯುವ ಬಟ್ಟೆಗೆ ಜವನಿಕೆ ಎನ್ನುವುದು ಅಸಹಜವೇನಲ್ಲ. ನನ್ನ ಒಲವು ಈ ಕಡೆಗೆ, ಆದರೂ ಇದು ತೆರೆಯ ಹಾಗೆ ರಕಾರ ಹಿಡಿದು ತೋರಿಸಬಹುದಾದ ಪುರಾವೆಯಲ್ಲ.

ಇಷ್ಟೆಲ್ಲ ಹೆಸರುಗಳ ನಡುವೆ ತೆರೆ ಎಲ್ಲಿ ಗಟ್ಟಿಯಾಗಿ ಉಳಿಯಿತು ಎಂದರೆ, ಆಟದಲ್ಲಿ. ಯಕ್ಷಗಾನದಲ್ಲಿ ತೆರೆಗೆ ಕಂಬಿಯೂ ಇಲ್ಲ, ಹಗ್ಗವೂ ಇಲ್ಲ. ಇಬ್ಬರು ಎರಡು ತುದಿ ಹಿಡಿದು ನಿಲ್ಲುತ್ತಾರೆ, ಅಷ್ಟೇ. ಹಿಂದೆ ವೇಷ ಕುಣಿಯುತ್ತಿರುತ್ತದೆ. ನೋಡುವವರಿಗೆ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ತೆರೆಕುಣಿತವೆಂದೇ ಅದಕ್ಕೆ ಹೆಸರು. ಕೈಯಲ್ಲಿ ಹಿಡಿದ ಬಟ್ಟೆ ಎಂದೂ ಬಿಗಿಯಾಗಿ ನಿಲ್ಲುವುದಿಲ್ಲ, ಹಿಡಿದವರ ಉಸಿರಿಗೂ ಹಿಂದಿನ ಕುಣಿತದ ಗಾಳಿಗೂ ಅಲುಗುತ್ತದೆ. ಅಲೆ ಎಂಬ ಅರ್ಥವನ್ನು ಕಣ್ಣಿಂದ ನೋಡಬೇಕಾದರೆ ಅಲ್ಲಿ ನೋಡಬೇಕು. ಕೇರಳದ ಕಥಕ್ಕಳಿಯಲ್ಲೂ ವೇಷಧಾರಿ ಹೀಗೆ ಹಿಡಿದ ಬಟ್ಟೆಯ ಮೇಲಿಂದ ಇಣುಕುವುದಕ್ಕೆ ತಿರನೋಟ್ಟಂ ಎನ್ನುತ್ತಾರೆ. ಮದುವೆಯಲ್ಲಿ ವಧುವರರ ನಡುವೆ ಇಬ್ಬರು ಹಿಡಿಯುವ ಅಂತರಪಟವೂ ಇದೇ ಬಗೆಯದು. ಮುಹೂರ್ತಕ್ಕೆ ಅದು ಸರಿದು ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುತ್ತದೆ. ಹೆಸರು ಸಂಸ್ಕೃತದ್ದಾದರೂ ಬಟ್ಟೆ ಮಾತ್ರ ಅಪ್ಪಟ ತೆರೆ.

ಕಂಪನಿ ನಾಟಕಗಳು ಬಂದಾಗ ಬಟ್ಟೆಯ ಸ್ವಭಾವವೇ ಬದಲಾಯಿತು. ಮುಂಬಯಿಯ ಪಾರ್ಸಿ ರಂಗಭೂಮಿಯಿಂದ ಕಲಿತ ಚಿತ್ರ ಬರೆದ ಪರದೆಗಳು, ಅರಮನೆ, ಬೀದಿ, ಕಾಡು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರಿಗೆ ಇವನ್ನು ಹೊತ್ತು ತಿರುಗಿದವು. ಚಿತ್ರ ಬರೆದ ಬಟ್ಟೆಗೆ ನೆರಿಗೆ ಬೀಳುವ ಹಾಗಿಲ್ಲ, ಅರಮನೆಯ ಕಂಬ ಡೊಂಕಾಗುತ್ತದೆ. ಆದ್ದರಿಂದ ಅದನ್ನು ಪಕ್ಕಕ್ಕೆ ಸರಿಸುವುದಿಲ್ಲ, ಬುಡಕ್ಕೆ ಕೋಲು ಕಟ್ಟಿ ಹಗ್ಗದಿಂದ ಸುರುಳಿ ಸುತ್ತಿ ಮೇಲಕ್ಕೆ ಏರಿಸುತ್ತಾರೆ. ಎರಡು ಕಡೆಯ ಹಗ್ಗ ಸಮನಾಗಿ ಎಳೆಯದಿದ್ದರೆ ಸುರುಳಿ ಓರೆಯಾಗಿ ಒಂದು ಪಕ್ಕ ಸಿಕ್ಕಿಕೊಳ್ಳುತ್ತದೆ. ಕೋಲು ತೆಳ್ಳಗಿದ್ದರೆ ನಡುವೆ ಬಾಗಿ ಬಟ್ಟೆಗೆ ಜೋಲು ಬೀಳುತ್ತದೆ.

ಸಿನಿಮಾ ಇದನ್ನು ಕೊನೆಯ ಹಂತಕ್ಕೆ ಒಯ್ದಿತು. ಬೆಳ್ಳಿತೆರೆಯ ಮೇಲೆ ಒಂದು ಸುಕ್ಕೂ ಇರಬಾರದು. ಅಂಚಿನುದ್ದಕ್ಕೂ ಬಳೆ ಹೊಡೆದು, ಹಿಗ್ಗುವ ಹುರಿ ಇಲ್ಲವೇ ಸ್ಪ್ರಿಂಗುಗಳಿಂದ ಚೌಕಟ್ಟಿಗೆ ನಾಲ್ಕೂ ಕಡೆ ಸಮನಾಗಿ ಬಿಗಿಯುತ್ತಾರೆ. ಮೂಲೆಗಳನ್ನು ಮೊದಲೇ ಬಿಗಿದರೆ ಮೂಲೆಯಿಂದ ಮೂಲೆಗೆ ಸುಕ್ಕು ಓಡುತ್ತದೆ, ಅದಕ್ಕೇ ನಡುವಿನಿಂದ ಶುರುಮಾಡಿ ಎದುರುಬದುರು ಬಿಗಿಯುತ್ತ ಹೋಗಬೇಕು. ಹಿಂದಿನ ಸ್ಪೀಕರಿನ ಸದ್ದು ದಾಟಿ ಬರಲು ಮೈತುಂಬ ಸುಮಾರು 1 ಮಿಲಿಮೀಟರಿನ ಸಣ್ಣ ತೂತುಗಳು. ಬೆಳಕನ್ನು ಹೆಚ್ಚು ಹಿಂದಿರುಗಿಸಲಿ ಎಂದು ಹಿಂದೆ ಲೋಹದ ಬಣ್ಣ ಬಳಿಯುತ್ತಿದ್ದರು, ಬೆಳ್ಳಿ ಎಂಬ ಹೆಸರು ಬಂದದ್ದು ಅದರಿಂದ. ಧ್ರುವೀಕರಿಸಿದ ಬೆಳಕಿನ ತ್ರೀಡಿ ಚಿತ್ರಗಳಿಗೆ ಈಗಲೂ ಅಂಥದ್ದೇ ಬೇಕು. ಅಲೆಯಿಂದ ಹೆಸರು ಪಡೆದ ವಸ್ತು ಹೀಗೆ ಅಲೆಯೇ ಇಲ್ಲದ್ದಾಯಿತು. ಮರೆ ಮಾಡುವ ಕೆಲಸವೂ ಹೋಯಿತು: ಹಿಂದೆ ಏನಿದೆ ಎಂದು ಯಾರೂ ಕಾಯುವುದಿಲ್ಲ, ನೋಡುವುದೆಲ್ಲ ಬಟ್ಟೆಯ ಮೇಲೆಯೇ.

ಈ ಎರಡು ಕೆಲಸಗಳ ಗೊಂದಲ ಪತ್ರಿಕೆಗಳ ಕನ್ನಡದಲ್ಲಿ ದಿನವೂ ಕಾಣುತ್ತದೆ. ಚಿತ್ರ "ತೆರೆಗೆ ಬಂತು" ಎಂದರೆ ಶುರುವಾಯಿತು, ವಿವಾದಕ್ಕೆ "ತೆರೆ ಬಿತ್ತು" ಎಂದರೆ ಮುಗಿಯಿತು. ಮೊದಲನೆಯದು ಸಿನಿಮಾದ ತೆರೆ, ಎರಡನೆಯದು ನಾಟಕದ ತೆರೆ. ಒಂದೇ ಪುಟದಲ್ಲಿ ಎರಡೂ ಇದ್ದರೂ ಯಾರಿಗೂ ಅರ್ಥ ಕೆಡುವುದಿಲ್ಲ. ಟೀವಿ ಬಂದಾಗಲೂ ಕನ್ನಡ ಇದೇ ಪದಕ್ಕೆ ಕಿರು ಸೇರಿಸಿ ಕಿರುತೆರೆ ಮಾಡಿಕೊಂಡಿತು, ಚೆನ್ನಾಗಿಯೇ ಕೂತಿತು.

ಫೋನಿನ ಹೊತ್ತಿಗೆ ಮಾತ್ರ ತೆರೆ ಹಿಂದೆ ಸರಿಯಿತು. ಫೋನಿನ ಗಾಜಿಗೆ ಬರಹದಲ್ಲಿ ಪರದೆ ಎನ್ನುತ್ತೇವೆ, ಮಾತಿನಲ್ಲಿ ಸ್ಕ್ರೀನ್. ಕಾರಣ ಹುಡುಕಲು ದೂರ ಹೋಗಬೇಕಿಲ್ಲ, ಕನ್ನಡಕ್ಕೆ ಹೊಂದಿಸಿದ ಯಾವುದಾದರೂ ಆ್ಯಪಿನ ಮೆನು ನೋಡಿದರೆ ಸಾಕು. ಕಡತದ ಮೇಲೆ ಬೆರಳಿಟ್ಟರೆ ಅಲ್ಲಿ "ತೆರೆ" ಅಥವಾ "ತೆರೆಯಿರಿ" ಎಂದಿರುತ್ತದೆ. ಅದು ತೆಱೆ, ಬಾಗಿಲಿನದು. ಪಕ್ಕದಲ್ಲೇ ಬಟ್ಟೆಯ ತೆರೆಯನ್ನೂ ತಂದಿಟ್ಟು "ಪೂರ್ಣ ತೆರೆ" ಎಂದು ಬರೆದರೆ ಓದುವವರು ಗಾಜು ತುಂಬುವ ಹಾಗೆ ಹಿಗ್ಗಿಸಬೇಕೋ, ಪೂರ್ತಿ ತೆರೆಯಬೇಕೋ ಎಂದು ನಿಲ್ಲುತ್ತಾರೆ. ಎರಡು ರಕಾರ ಇದ್ದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಈಗ ಅಲ್ಲಿ "ಪೂರ್ಣ ಪರದೆ" ಎಂದು ಬರೆಯುತ್ತಾರೆ.